ಸರ್ಕಾರಿ ಶಾಲೆಯ ವರ್ಷದ ಗುರಿ: ನಿಮ್ಮಲ್ಲಿ ಏನು ಬರೆದಿರಿ, ಏಪ್ರಿಲ್‌ನಲ್ಲಿ ಏನಾಯಿತು?

ಕೇಳಿದವರು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಪೀಣ್ಯ ಕಡೆ

ನಮಸ್ಕಾರ. ನನ್ನ ಮಗಳು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 3ನೇ ತರಗತಿ. ಈ ಸಲ ನನ್ನನ್ನೂ ಎಸ್‌ಡಿಎಂಸಿಗೆ ಸೇರಿಸಿದ್ದಾರೆ. ಸೋಮವಾರ ಸಭೆ ಇದೆ, ಶಾಲಾ ಅಭಿವೃದ್ಧಿ ಯೋಜನೆಗೆ ಈ ವರ್ಷದ ಗುರಿ ಏನು ಅಂತ ಯೋಚನೆ ಮಾಡಿಕೊಂಡು ಬನ್ನಿ ಅಂದಿದ್ದಾರೆ ಎಚ್.ಎಂ. (ಮುಖ್ಯ ಶಿಕ್ಷಕಿ) ಮೇಡಂ. ಹೋದ ವರ್ಷದ ಕಾಗದ ತೆಗೆಸಿ ನೋಡಿದೆ. ‘ಶೇ. 100 ಹಾಜರಾತಿ, ಶೇ. 100 ಕಲಿಕೆ, ಹಸಿರು ಶಾಲೆ’ ಅಂತ ಇತ್ತು. ಅದರ ಹಿಂದಿನ ವರ್ಷದ್ದೂ ಅದೇ, ತಾರೀಕು ಮಾತ್ರ ಬೇರೆ.

ಜೂನ್‌ನಲ್ಲಿ ಗುರಿ ಇಟ್ಟು ಏಪ್ರಿಲ್‌ನಲ್ಲಿ ನಿಜವಾಗಿ ಲೆಕ್ಕ ನೋಡಿದವರು ಯಾರಾದರೂ ಇದ್ದೀರಾ? ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ನನಗೆ ಅರ್ಥವಾಗುವ ಹಾಗೆ ಹೇಳಿ.

ನಿವೃತ್ತ ಶಿಕ್ಷಕಿ, ಬೆಂಗಳೂರು ಉತ್ತರ

‘ಶೇ. 100’ ಅಂತ ಬರೆಯುವುದರಲ್ಲಿ ಒಂದು ಅನುಕೂಲ ಇದೆಯಮ್ಮಾ. ಆಮೇಲೆ ಯಾರೂ ಬಂದು ಕೇಳುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಬರೆದಿದ್ದೇನೆ.

ಅದನ್ನು ಬಿಡಿಸಿದ್ದು 3ನೇ ತರಗತಿಯ ಒಬ್ಬ ಹುಡುಗ. ಕನ್ನಡ ಪಾಠವನ್ನು ನೀರು ಕುಡಿದ ಹಾಗೆ ಓದುತ್ತಿದ್ದ. ಒಂದು ದಿನ ಪುಟ ತಿರುಗಿಸುವುದನ್ನೇ ಮರೆತ, ಆದರೂ ಮುಂದಿನ ಪುಟ ‘ಓದಿ’ ಮುಗಿಸಿದ! ಪೂರ್ತಿ ಬಾಯಿಪಾಠ. ನನ್ನ ದಾಖಲೆಯಲ್ಲಿ ಅವನು ಓದು ಬಂದವನು.

ಮರುವರ್ಷ ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಸರಿಪಡಿಸುವ ಕಾರ್ಯಕ್ರಮ) ನಡೆಯುವಾಗ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಪುಸ್ತಕದಲ್ಲಿಲ್ಲದ ಐದು ಸಾಲು ನಾನೇ ಬರೆದಿಟ್ಟುಕೊಂಡಿದ್ದೆ. ಒಬ್ಬರಿಗೆ ಐದು ನಿಮಿಷ. ತರಗತಿಯಲ್ಲಿ 28 ಮಕ್ಕಳು. ಅಕ್ಷರವೇ ಗುರುತು ಸಿಗದವರು 4. ‘ಮರ’, ‘ಸರ’ದಂಥ ಪದ ಮಾತ್ರ ಓದುವವರು 7. ಕಾಗುಣಿತದಲ್ಲಿ ತಡವರಿಸುವವರು 8. ಒತ್ತಕ್ಷರ ಬಂದ ಕೂಡಲೇ ನಿಂತುಬಿಡುವವರು 5. ಸರಾಗವಾಗಿ ಓದಿದವರು ಬರೀ 4. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಗುರಿ ಅಂತ ಬರೆದದ್ದು ಇಷ್ಟೇ: ಪ್ರತಿ ಮಗು ದಸರಾ ರಜೆಯೊಳಗೆ ಒಂದು ಮೆಟ್ಟಿಲು ಮೇಲೆ, ಏಪ್ರಿಲ್ ಒಳಗೆ ಇನ್ನೊಂದು. ಇದೇನೂ ನಾನು ಕಂಡುಹಿಡಿದದ್ದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ (ಆಟ, ಕಾರ್ಡುಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಯ ಪದ್ಧತಿ) ಕಲಿಕಾ ಏಣಿ ಇರುವುದೇ ಇದಕ್ಕೆ, ಮಗು ತನ್ನ ವೇಗದಲ್ಲಿ ಹತ್ತಲಿ ಅಂತ. ನಾವು ಏನು ಮಾಡುತ್ತೇವೆ ಅಂದರೆ, ಕಾರ್ಡು ಮುಗಿದಿದೆಯಾ ಅಂತ ನೋಡಿ ಟಿಕ್ ಹಾಕುತ್ತೇವೆ. ಪಕ್ಕದವನು ಹೇಳಿಕೊಟ್ಟರೂ ಕಾರ್ಡು ಮುಗಿಯುತ್ತದೆ.

ದಸರಾ ರಜೆ ಮುಗಿಸಿ ಬಂದಾಗ ಮೂವರು ಒಂದು ಮೆಟ್ಟಿಲು ಕೆಳಗೆ ಇಳಿದಿದ್ದರು. ಅದನ್ನೂ ಬರೆದಿಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಮತ್ತೆ ಓದಿಸಿದೆ. ಅಕ್ಷರ ಬಾರದವನು ಒಬ್ಬನೇ ಉಳಿದಿದ್ದ. ನಾಲ್ಕು ಇದ್ದದ್ದು ಒಂದಾಯಿತಲ್ಲ ಅಂತ ಖುಷಿಪಟ್ಟೆ. ಆಮೇಲೆ ಹೆಸರು ಹಿಡಿದು ನೋಡಿದರೆ ಆ ನಾಲ್ವರಲ್ಲಿ ಇಬ್ಬರು ಶಾಲೆಯಲ್ಲೇ ಇಲ್ಲ. ಅಪ್ಪ ಅಮ್ಮ ಕೆಲಸ ಮಾಡುತ್ತಿದ್ದ ಕಟ್ಟಡ ಮುಗಿದಿತ್ತು, ಯಾದಗಿರಿಗೆ ವಾಪಸ್ ಹೋಗಿದ್ದರು. ಅಂದರೆ ನಾನು ಅಕ್ಷರ ಕಲಿಸಿದ್ದು ಒಬ್ಬಳಿಗೆ! ಉಳಿದದ್ದು ಲೆಕ್ಕದ ಆಟ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಇದು ಬಹಳ. ನಡುವರ್ಷದಲ್ಲಿ ಹೋಗುವವರು ಹೋಗುತ್ತಾರೆ, ಬರುವವರು ಬರುತ್ತಾರೆ. ಒಟ್ಟು ಶೇಕಡಾ ತೆಗೆದರೆ ಯಾರೂ ಕಲಿಯದೆಯೂ ಪ್ರಗತಿ ಕಾಣಿಸಬಹುದು.

ಅದಕ್ಕೇ ಜೂನ್‌ನಿಂದ ಏಪ್ರಿಲ್‌ವರೆಗೆ ಇದ್ದವರನ್ನು ಬೇರೆ ಎಣಿಸಿ. ನನ್ನಲ್ಲಿ ಅಂಥವರು 23. ನಾಲ್ವರು ಮೊದಲೇ ಓದುತ್ತಿದ್ದರು. ಉಳಿದ 19ರಲ್ಲಿ 16 ಮಕ್ಕಳು ಒಂದಾದರೂ ಮೆಟ್ಟಿಲು ಹತ್ತಿದ್ದರು. ಮೂವರು ಇದ್ದಲ್ಲೇ ಇದ್ದರು. ವರದಿಯಲ್ಲಿ ಆ ಮೂವರ ಲೆಕ್ಕವನ್ನೂ ಬರೆದೆ. ಯಾರೂ ಬೈಯಲಿಲ್ಲ, ಯಾರೂ ಓದಿರಲಿಕ್ಕಿಲ್ಲ.

ಶಿಕ್ಷಕ, 4 ಮತ್ತು 5ನೇ ತರಗತಿ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಬರಿಸಲು 2021ರಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್‌ನಲ್ಲಿ 3ನೇ ತರಗತಿ ಮುಗಿಯುವ ಹೊತ್ತಿಗೆ ನಿಮಿಷಕ್ಕೆ 60 ಪದ ಓದಬೇಕು ಅಂತ ಗುರಿ ಇದೆ. ಸಭೆಯಲ್ಲಿ ಯಾರಾದರೂ ಅದನ್ನೇ ಎತ್ತಿ ಬರೆಯೋಣ ಅನ್ನಬಹುದು. ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ ಅನ್ನುವುದೂ ಒಂದೇ ಪದ, ‘ಆ’ ಅನ್ನುವುದೂ ಒಂದೇ ಪದ. ಗಡಿಯಾರ ಹಿಡಿದು ಕೂತರೆ ಮಕ್ಕಳು ಅರ್ಥ ಬಿಟ್ಟು ಓಡುತ್ತಾರೆ. ನಾನು ಮಾಡಿಸಿ ಕೈಸುಟ್ಟುಕೊಂಡಿದ್ದೇನೆ.

ಲೆಕ್ಕದಲ್ಲಿ ನಮ್ಮ ಗುರಿ ಒಂದೇ ಒಂದಿತ್ತು, ದಶಕ ತೆಗೆದುಕೊಂಡು ಕಳೆಯುವುದು. ತರಕಾರಿ ಗಾಡಿಯಲ್ಲಿ ಅಮ್ಮನ ಜೊತೆ ನಿಂತು ನೂರಕ್ಕೆ ಸರಿಯಾಗಿ ಚಿಲ್ಲರೆ ಕೊಡುವ ಹುಡುಗಿ, ಬೋರ್ಡಿನ ಮೇಲೆ 100ರಲ್ಲಿ 37 ಕಳೆ ಅಂದರೆ ಬೆಪ್ಪಾಗಿ ನಿಲ್ಲುತ್ತಿದ್ದಳು. ಆಟದ ನೋಟು ಕೊಟ್ಟು ಮಾಡಿಸಿದ ಮೇಲೆ ಸರಿಹೋಯಿತು.

ಎಸ್‌ಡಿಎಂಸಿ ಮಾಜಿ ಅಧ್ಯಕ್ಷ, ಕೆ.ಆರ್. ಪುರ ಕಡೆ

ಅಕ್ಕಾ, ಹೆದರಬೇಡಿ. ಯೋಜನೆ ಮಾಡುವುದು ಪೋಷಕರಿರುವ ಈ ಸಮಿತಿಯ ಕೆಲಸ ಅಂತ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ಇದೆ. ನೀವು ಕೇಳಿದರೆ ತಪ್ಪೇನಿಲ್ಲ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರೇ ಇರಬೇಕು ಅಂತಲೂ ಇದೆ.

ನಾವು ಹಾಜರಾತಿ ಹಿಡಿದುಕೊಂಡೆವು. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಶಾಲೆ ನಡೆಯುತ್ತದೆ ಸರಿ, ಮಗು ಎಷ್ಟು ದಿನ ಬಂತು? ರಿಜಿಸ್ಟರ್ ನೋಡಿದೆವು. ಒಟ್ಟಾರೆ ಚೆನ್ನಾಗೇ ಇತ್ತು. ತಿಂಗಳಿಗೆ ಐದು ದಿನಕ್ಕಿಂತ ಜಾಸ್ತಿ ತಪ್ಪಿಸುವವರು ಯಾರು ಅಂತ ಹುಡುಕಿದಾಗ 11 ಮಕ್ಕಳು ಸಿಕ್ಕರು. ಅವರಲ್ಲಿ 8 ಹೆಣ್ಣುಮಕ್ಕಳು. ಮನೆಗೆ ಹೋಗಿ ಕೇಳಿದೆವು. ಓದಿನಲ್ಲಿ ಆಸಕ್ತಿ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. ವಿಷಯ ನೀರಿನದು! ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆರಡು ದಿನ, ಅದೂ ಬೆಳಿಗ್ಗೆ ಶಾಲೆ ಹೊತ್ತಿಗೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಾರೆ. ಬಿಂದಿಗೆ ಹಿಡಿದು ನಿಲ್ಲುವವರು ಯಾರು?

ಆ ಬೀದಿಯ ಇಬ್ಬರು ಅಜ್ಜಿಯರನ್ನು ಒಪ್ಪಿಸಿದೆವು, ಅವರು ಮೂರು ನಾಲ್ಕು ಮನೆಯ ಬಿಂದಿಗೆ ನೋಡಿಕೊಂಡರು. 11 ಇದ್ದದ್ದು ಫೆಬ್ರವರಿಯಲ್ಲಿ 4ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ನೀರೇ ನಿಂತಿತು, ಟ್ಯಾಂಕರ್ ಯಾವಾಗ ಬರುತ್ತೋ ಗೊತ್ತಿಲ್ಲ, ಮತ್ತೆ 9 ಆಯಿತು. ಗುರಿ ತಲುಪಲಿಲ್ಲ ಅಂತಲೇ ಬರೆದೆವು, ಕಾರಣವನ್ನೂ ಬರೆದೆವು.

ಪೋಷಕಿ, ಮಾಗಡಿ ರಸ್ತೆ

ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ. ಮೊದಲ ಗುರಿ ಇದನ್ನೇ ಬರೆಯಿರಿ. ನನ್ನ ಮಗಳು ಇಡೀ ದಿನ ನೀರು ಕುಡಿಯದೆ ಬರುತ್ತಿದ್ದಳು.

ಇನ್ನೊಬ್ಬ ತಾಯಿ

ಎಲ್ಲ ಸರಿ, ಆದರೆ ದಯವಿಟ್ಟು ಇದನ್ನು ಗೋಡೆಗೆ ಅಂಟಿಸಬೇಡಿ. ನನ್ನ ಮಗನ ಶಾಲೆಯಲ್ಲಿ ಓದುವವರ ಹೆಸರಿನ ಮುಂದೆ ಹಸಿರು ನಕ್ಷತ್ರ, ಓದದವರಿಗೆ ಕೆಂಪು. ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದ. ಡಾಕ್ಟರ್ ಹತ್ತಿರ ಎರಡು ಸಲ ಕರೆದುಕೊಂಡು ಹೋದ ಮೇಲೆ ನಕ್ಷತ್ರದ ವಿಷಯ ಬಾಯಿಬಿಟ್ಟ. ನಮ್ಮ ಮನೆಮಾತು ತೆಲುಗು. ಅವನು ದಡ್ಡನಲ್ಲ, ನಿಧಾನ ಅಷ್ಟೇ.

ನಿವೃತ್ತ ಶಿಕ್ಷಕಿ

ಖಂಡಿತ ಅಂಟಿಸಬಾರದು. ನನ್ನದು 200 ಪುಟದ ನೋಟ್‌ಬುಕ್, ಬೀರುವಿನಲ್ಲೇ ಇರುತ್ತಿತ್ತು. ಆಯಾ ಮಗುವಿನ ಅಪ್ಪ ಅಮ್ಮ ಬಂದರೆ ಅವರ ಪುಟ ಮಾತ್ರ ತೋರಿಸುತ್ತಿದ್ದೆ. ಸಮಿತಿಗೆ ಸಂಖ್ಯೆ ಸಾಕು, ಹೆಸರು ಬೇಡ. ಮನೆಮಾತು ಬೇರೆ ಇರುವ ಮಕ್ಕಳಿಗೆ ಮೊದಲ ಮೂರು ತಿಂಗಳು ಓದಿನ ಗುರಿಯನ್ನೇ ಇಡಬೇಡಿ ಅನ್ನುತ್ತೇನೆ ನಾನು. ಮಾತು ಬರಲಿ, ಕತೆ ಕೇಳಲಿ. ಇದಕ್ಕೆ ನನ್ನ ಜೊತೆಯವರೇ ಒಪ್ಪುತ್ತಿರಲಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಚ್.ಎಂ. ಮೇಡಂಗೆ ಫೋನ್ ಮಾಡಿದ್ದೆ. ಐದು ತರಗತಿಗೆ ಇರುವುದೇ ಇಬ್ಬರು, ಅದರಲ್ಲಿ ಒಬ್ಬರಿಗೆ ಸರ್ವೆ ಡ್ಯೂಟಿ, ಒಬ್ಬೊಬ್ಬರನ್ನೇ ಕೂರಿಸಿ ಓದಿಸಲು ಪುರುಸೊತ್ತು ಎಲ್ಲಿದೆ ಅಂದರು. ಅವರ ಮಾತೂ ನಿಜ. ಶನಿವಾರ ನನಗೆ ಸೆಕೆಂಡ್ ಶಿಫ್ಟ್, ಬೆಳಿಗ್ಗೆ ನಾನೇ ಬಂದು ಓದಿಸಲಾ ಅಂತ ಕೇಳಿದೆ. ಬನ್ನಿ ಅಂದಿದ್ದಾರೆ. ಸೋಮವಾರ ಮೂರು ಸಾಲು ಬರೆಯುತ್ತೇನೆ: ಶೌಚಾಲಯದ ಚಿಲಕ, ಜಾಸ್ತಿ ತಪ್ಪಿಸುವ ಮಕ್ಕಳು, ಓದಿನಲ್ಲಿ ಒಂದೊಂದು ಮೆಟ್ಟಿಲು. ಮೇಡಂ, ನಿಮ್ಮ ಆ ಐದು ಸಾಲಿನ ಕಾಗದ ಇದ್ದರೆ ಫೋಟೊ ಹಾಕ್ತೀರಾ?

ನಿವೃತ್ತ ಶಿಕ್ಷಕಿ

ಕಾಗದ ಎಲ್ಲೋ ಹೋಯಿತಮ್ಮಾ, ಸಾಲು ನೆನಪಿದೆ. ಮೊದಲನೆಯದು ಬಿಡಿ ಅಕ್ಷರ: ಮ, ರ, ಸ, ಬ, ಕ. ಎರಡು: ‘ಕಮಲ ಸರ ತಂದಳು’ ಅಂತ ಬರೆದಿದ್ದೆ, ಆಮೇಲೆ ‘ತಂ’ ಕಷ್ಟವಾಗಿ ಕೊನೆಗೆ ಬರೀ ‘ಬಸವನ ಮರ’ ಅಂತ ಇಟ್ಟೆ. ಮೂರು: ‘ಸೀತಾ ಬೇಗ ಶಾಲೆಗೆ ಹೋದಳು.’ ನಾಲ್ಕು: ‘ಅಜ್ಜಿ ಕಟ್ಟೆಯ ಮೇಲೆ ಬೆಲ್ಲ ಇಟ್ಟಳು.’ ಐದು: ‘ಬಸ್ಸು ತಡವಾಗಿ ಬಂತು. ಅಪ್ಪನಿಗೆ ಕಂಪನಿಯಲ್ಲಿ ಬೈದರು.’ ದಸರಾ ಆದ ಮೇಲೆ ಸಾಲು ಬದಲಾಯಿಸಿ, ಇಲ್ಲವಾದರೆ ಅದೂ ಬಾಯಿಪಾಠ ಆಗುತ್ತದೆ.

ಐದನೆಯದು ಓದಿದ ಮೇಲೆ ‘ಯಾಕೆ ಬೈದರು?’ ಅಂತ ಕೇಳಿ. ಬಸ್ಸು ತಡವಾಯಿತು ಅನ್ನಬೇಕು. ಒಬ್ಬ ಹುಡುಗ, ‘ನಮ್ಮಪ್ಪಂಗೆ ಸುಮ್ನೆ ಸುಮ್ನೆ ದಿನಾ ಬೈತಾರೆ ಮಿಸ್’ ಅಂದ. ಅವನಿಗೂ ರೈಟ್ ಹಾಕಿದೆ.