ಅಪ್ಪನ ಬಿಪಿ 160/70, ರಕ್ತನಾಳ ಸವೆಯುತ್ತದಾ?

ಬೆಣ್ಣೆದೋಸೆ: ದಾವಣಗೆರೆಯವರು ನಾವು. ಅಪ್ಪನಿಗೆ 68. ಬೆಳಿಗ್ಗೆ 160/70, ಸಂಜೆ 130/70. ಕೆಳಗಿನದು ಸರಿ ಇದೆಯಲ್ಲ, ಸುಮ್ನೆ ಬಿಡು ಅಂತಾರೆ. ಹೀಗೆ ಏರಿಳಿದರೆ ಏನಾಗುತ್ತದೆ?

ಮಗ್ಗದಮನೆ: ಬೆಳಿಗ್ಗೆಯ ಮೇಲಿನ ಬಿಪಿಗೂ ಕೆಳಗಿನದಕ್ಕೂ ಅಂತರ ನೋಡಿ, 90! ಸಾಮಾನ್ಯವಾಗಿ 40ರ ಆಸುಪಾಸು ಇರಬೇಕು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ, ಅಷ್ಟೂ ಸಲ ನಾಳ ಹಿಗ್ಗಬೇಕು. ಲಂಗದ ಎಲಾಸ್ಟಿಕ್ ಎಳೆದೂ ಎಳೆದೂ ರಬ್ಬರ್ ತುಂಡಾಗಿ ಬರೀ ನೂಲು ಉಳಿಯುತ್ತದಲ್ವಾ, ಹಾಗೇ ನಾಳದ ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಅನ್ನೋ ನಾರು ಹರಿದು, ಅಷ್ಟಾಗಿ ಹಿಗ್ಗದ ಕೊಲಾಜನ್ ಅನ್ನೋ ನಾರಿನ ಮೇಲೆ ಭಾರ ಬೀಳುತ್ತದೆ. ದೊಡ್ಡವರಲ್ಲಿ ಎಲಾಸ್ಟಿನ್ ಹೊಸದಾಗಿ ಹುಟ್ಟುವುದು ತೀರಾ ಕಮ್ಮಿ.

ದುರ್ಗದವ: ನಾಳ ಬಿರುಸಾದರೆ ಬಲ ಬಂತು ಅಂತಲ್ಲ. ಅದರಿಂದಲೇ ಮೇಲಿನ ಬಿಪಿ ಏರಿ, ನಾಳ ಇನ್ನೂ ಕೆಡುತ್ತದೆ. ವಾರವಿಡೀ ಎರಡು ಹೊತ್ತು ಅಳೆದು ಬರೆದು ಡಾಕ್ಟರಿಗೆ ತೋರಿಸಿ. ಟೀ ಕುಡಿದ ತಕ್ಷಣ ಬೇಡ.

ಬೆಣ್ಣೆದೋಸೆ: ಅಯ್ಯೋ, ಮಂಡಕ್ಕಿ ಮಿರ್ಚಿ ತಿಂದು ಟೀ ಕುಡಿದೇ ಅಳೆಯೋದು ನಮ್ಮಪ್ಪ!