ಸಹಾಯ ಬೇಕು: ಕಹಿ ಮರಗೆಣಸು ಅರ್ಧ ಮೂಟೆ ಉಳಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ಹತ್ತಿರ ಒಂದು ಹಳ್ಳಿ. ಹೋದ ವರ್ಷ ಪರಿಚಯದವರೊಬ್ಬರು ಕೊಟ್ಟ ಮರಗೆಣಸಿನ ಕಡ್ಡಿ ತಂದು ಹಿತ್ತಲಲ್ಲಿ ನೆಟ್ಟಿದ್ದೆ, ಯಾವ ತಳಿ ಅಂತ ಅವರಿಗೂ ಗೊತ್ತಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಕಿತ್ತೆವು. ಆತುರದಲ್ಲಿ ಮೇಲಿನ ಕಂದು ಸಿಪ್ಪೆ ಮಾತ್ರ ಕೆರೆದು, ಒಳಗಿನ ದಪ್ಪ ಸಿಪ್ಪೆ ಹಾಗೇ ಬಿಟ್ಟು, ಕುಕ್ಕರ್‌ನಲ್ಲಿ ಎರಡು ವಿಷಲ್ ಕೂಗಿಸಿ, ಆ ನೀರಿಗೇ ಒಗ್ಗರಣೆ ಹಾಕಿಬಿಟ್ಟೆ. ತಿನ್ನುವಾಗ ಕಹಿ ಇತ್ತು. 'ಹೊಸ ಗೆಣಸು ಹಂಗೇ ಕಣವ್ವ' ಅಂದರು ಅತ್ತೆ. ರಾತ್ರಿ ಅವರಿಗೂ ಮಗನಿಗೂ ತಲೆಸುತ್ತು, ವಾಂತಿ. ಆಸ್ಪತ್ರೆಗೆ ಓಡಿದೆವು, ಈಗ ಇಬ್ಬರೂ ಹುಷಾರು.

ಡಾಕ್ಟರು ಹೇಳಿದ್ದು, ಮರಗೆಣಸಿನಲ್ಲಿ ಲಿನಮರಿನ್ ಅನ್ನೋ ಅಂಶ ಇರುತ್ತೆ, ಅದರಿಂದಲೇ ಸೈನೈಡ್ ಹುಟ್ಟೋದು, ಕಹಿ ತಳಿಯಲ್ಲಿ ಜಾಸ್ತಿ, ಸಿಪ್ಪೆಯಲ್ಲಂತೂ ಇನ್ನೂ ಜಾಸ್ತಿ. ಎರಡೂ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬ ನೀರಲ್ಲಿ ಮುಚ್ಚಳ ಇಲ್ಲದೆ ಬೇಯಿಸಿ ನೀರು ಚೆಲ್ಲಬೇಕಂತೆ. ಸಿಪ್ಪೆ ಗೋದಲಿ ಪಕ್ಕ ಇಟ್ಟಿದ್ದೆ, ಹಸು ಬಾಯಿ ಹಾಕಿರಲಿಲ್ಲ, ಪುಣ್ಯ!

ಇಷ್ಟು ಕಹಿ ಇರೋದನ್ನು ಬೇಯಿಸಿ ನೀರು ಚೆಲ್ಲಿದರೆ ಸಾಕಾ, ಇಲ್ಲ ಪೂರ್ತಿ ಗುಂಡಿಗೆ ಹಾಕಲಾ? ಸೇಲಂ ಕಡೆ ಸಬ್ಬಕ್ಕಿ ಮಾಡೋದೂ ಇದರಲ್ಲೇ ಅಲ್ವಾ, ಆ ಕೆಲಸ ನೋಡಿದವರು ಯಾರಾದರೂ ಇದ್ದೀರಾ? ಮೈಸೂರು, ಮಂಡ್ಯ ಕಡೆ ಸಿಹಿ ತಳಿಯ ಕಡ್ಡಿ ಎಲ್ಲಿ ಸಿಗುತ್ತೆ ಅಂತಲೂ ಹೇಳಿ. 'ನಮ್ಮಜ್ಜಿ ಹಸಿದೇ ತಿಂತಿದ್ರು, ಏನೂ ಆಗಿಲ್ಲ' ಅನ್ನೋರು ದಯವಿಟ್ಟು ಬೇಡ, ಬೆಳಗ್ಗೆಯಿಂದ ಅದೇ ಕೇಳ್ತಿದ್ದೀನಿ.