18 ವರ್ಷದ ಕನ್ನಡ ಫೈಲುಗಳನ್ನು ಯೂನಿಕೋಡ್‌ಗೆ ತರಬೇಕು. ಎಲ್ಲಿಂದ ಶುರು ಮಾಡಲಿ?

ಸಂತೆಪೇಟೆ ಡಿಟಿಪಿ (ಹಾಸನ):

ಹಾಸನದ ಸಂತೆಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. 2007ರಲ್ಲಿ ಶುರು ಮಾಡಿದ್ದು. ಮದುವೆ ಕಾರ್ಡು, ತಿಥಿ ಕಾರ್ಡು, ಸಂಘಗಳ ವಾರ್ಷಿಕ ವರದಿ, ಟ್ಯೂಷನ್‌ನವರ ನೋಟ್ಸು, ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಕರಪತ್ರ. ಇಷ್ಟೂ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯ ಹಳೆಯ ಆನ್ಸಿ ಫಾಂಟಿನಲ್ಲಿ ಮಾಡಿದ್ದು. ಆ ಸಾಫ್ಟ್‌ವೇರನ್ನೂ ನಾನು ದುಡ್ಡು ಕೊಟ್ಟು ತಂದದ್ದಲ್ಲ. ಯಾರೋ ಸಿಡಿಯಲ್ಲಿ ಕೊಟ್ಟರು, ಹಾಕಿಕೊಂಡೆ.

ಕಳೆದ ತಿಂಗಳು ಒಬ್ಬ ಹುಡುಗಿ ತಮ್ಮನ ಜೊತೆ ಅಂಗಡಿಗೆ ಬಂದಳು. ಪದವಿ ಮುಗಿಸಿ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ನಾನು ಹಿಂದೆ ಒಬ್ಬ ಮೇಷ್ಟರಿಗೆ ಟೈಪ್ ಮಾಡಿಕೊಟ್ಟ ಇತಿಹಾಸದ ನೋಟ್ಸು ಅವಳ ಪೆನ್‌ಡ್ರೈವ್‌ನಲ್ಲಿತ್ತು. 'ಅಣ್ಣಾ, ಇದು ಓದ್ತಾನೇ ಇಲ್ಲ. ಬೇರೆ ಥರ ಟೈಪ್ ಮಾಡಿದ್ದೀರಾ?' ಅಂದಳು. ನನಗೆ ಅರ್ಥವಾಗಲಿಲ್ಲ. ಫೈಲ್ ತೆರೆದು ತೋರಿಸಿ, 'ಸರಿಯಾಗೇ ಇದೆಯಲ್ಲಮ್ಮ' ಅಂದೆ.

ಅವಳು ತನ್ನ ಲ್ಯಾಪ್‌ಟಾಪ್ ತೆಗೆದಳು. ಅದರಲ್ಲಿ ಎನ್‌ವಿಡಿಎ ಇತ್ತು. ಪರದೆಯ ಮೇಲಿನದನ್ನು ಓದಿ ಹೇಳುವ, ಪುಕ್ಕಟೆ ಸಿಗುವ ಮುಕ್ತ ಸಾಫ್ಟ್‌ವೇರ್. 'ಕನ್ನಡ' ಅನ್ನುವ ಪದದ ಮೇಲೆ ನಿಂತು ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತಿದಳು. 'ಪಿ. ಎ ಗ್ರೇವ್. ಪೌಂಡ್. ಎ ಗ್ರೇವ್.' ಹೀಗೆ ಏಳು ತುಣುಕು. ಮೂರಕ್ಷರದ ಪದ ಅದು! ನಾನು ಇಷ್ಟು ವರ್ಷ ಕನ್ನಡ ಅಂದುಕೊಂಡು ಟೈಪ್ ಮಾಡಿದ್ದು ಕಂಪ್ಯೂಟರ್ ಪಾಲಿಗೆ ಯಾವತ್ತೂ ಕನ್ನಡ ಆಗಿರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಹೊದಿಸಿದ್ದೆ, ಅಷ್ಟೇ. ಚಿತ್ರ ನೋಡಬಲ್ಲವರಿಗೆ ಮಾತ್ರ ಅದು ಕನ್ನಡ. ಯೂನಿಕೋಡ್‌ನಲ್ಲಾದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುತ್ತದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. 'ಸುಮಾರು ಕಡೆ ಹೀಗೇ ಇರುತ್ತೆ ಅಣ್ಣ' ಅಂದಳು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಫೇಸ್‌ಬುಕ್ ಥರದ ಹಳೆ ತಾಣ ಆರ್ಕುಟ್ ಇದ್ದ ಕಾಲದಿಂದ ನಾನು ಕನ್ನಡದ ಗುಂಪುಗಳಲ್ಲಿದ್ದೇನೆ. 'ಕನ್ನಡದಲ್ಲೇ ಬರೆಯಿರಿ' ಅಂತ ಜಗಳ ಆಡಿದವನು. ಆದರೆ ನಾನು ಹಾಕುತ್ತಿದ್ದ ಬರಹವೆಲ್ಲ ಫೋಟೋ ರೂಪದಲ್ಲಿ, ಯಾರೂ ಕದಿಯಬಾರದು ಅಂತ. ಉತ್ತರ ಮೇಲೆಯೇ ಇದ್ದರೂ ಯಾರಾದರೂ ಮತ್ತೆ ಅದನ್ನೇ ಕೇಳಿದರೆ 'ಕಣ್ಣು ಕಾಣಲ್ವಾ?' ಅಂತ ಬರೆಯುತ್ತಿದ್ದೆ. ಎಲ್ಲರೂ ಹಾಗೇ ಬರೆಯುತ್ತಿದ್ದರು, ಅದು ತಪ್ಪು ಅಂತ ಹೊಳೆಯಲೇ ಇಲ್ಲ. 2014ರಲ್ಲಿ ಆರ್ಕುಟ್ ಮುಚ್ಚಿದ ಮೇಲೂ ಆ ಮಾತು ನನ್ನ ಜೊತೆ ಫೇಸ್‌ಬುಕ್‌ಗೆ, ವಾಟ್ಸಾಪ್‌ಗೆ ಬಂತು. ಹೀಗೆ ಕೇಳಿದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಕಾಣುತ್ತಿರಲಿಲ್ಲವೋ. ಈಗ ಸಿಕ್ಕಷ್ಟು ಹಳೆ ಕಾಮೆಂಟುಗಳನ್ನು ಅಳಿಸುತ್ತಿದ್ದೇನೆ.

ನನ್ನ ಹತ್ತಿರ ಸಾವಿರಾರು ಫೈಲುಗಳಿವೆ. ಕನಿಷ್ಠ ನೋಟ್ಸು, ವರದಿಗಳನ್ನಾದರೂ ಯೂನಿಕೋಡ್‌ಗೆ ತರಬೇಕು. ಮುಂದಿನ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಹಿಡಿಯಲಿ? ಹಳೇ ಕೀಬೋರ್ಡ್ ಬಿಟ್ಟರೆ ಕೈ ಓಡುವುದಿಲ್ಲ, ಅದೂ ಒಂದು ಭಯ.

ಐಜಿ ರಸ್ತೆ ಪ್ರಿಂಟ್ಸ್ (ಚಿಕ್ಕಮಗಳೂರು):

ನಿಮ್ಮ ಮನಸ್ಸು ಅರ್ಥವಾಗುತ್ತೆ, ಆದರೆ ಲೆಕ್ಕವನ್ನೂ ನೋಡಿ. ನನ್ನದೂ ಇದೇ ಕೆಲಸ. ಪ್ರೆಸ್‌ನವರು ಇವತ್ತಿಗೂ ಹಳೆ ಫೈಲೇ ಕೊಡಿ ಅನ್ನುತ್ತಾರೆ. ಮದುವೆ ಕಾರ್ಡಿಗೆ ಒಪ್ಪುವಂಥ ಅಂದದ ಅಕ್ಷರ ಯೂನಿಕೋಡ್‌ನಲ್ಲಿ ನನಗೆ ಸಿಕ್ಕಿದ್ದು ಕಮ್ಮಿ. ಗಿರಾಕಿ ಸಂಜೆ ಐದಕ್ಕೆ ಬಂದು ಏಳಕ್ಕೆ ಪ್ರೂಫ್ ಕೇಳುತ್ತಾನೆ. ಹಳೆಯದನ್ನು ಬದಲಿಸಲು ನಿಮಗೆ ದುಡ್ಡು ಕೊಡುವವರು ಯಾರು? ಕಾರ್ಡುಗಳನ್ನು ಹಾಗೇ ಬಿಡಿ. ಜನ ಓದಲೇಬೇಕಾದದ್ದನ್ನು ಮಾತ್ರ ಹಿಡಿದುಕೊಳ್ಳಿ.

ಅರ್ಕಾವತ್ತು:

ನಾನು ಇಂಥ ಕೆಲಸ ಒಂದಷ್ಟು ಮಾಡಿದ್ದೇನೆ. ಮೊದಲು ಹಾರ್ಡ್‌ಡಿಸ್ಕಿನ ಒಂದು ನಕಲು ತೆಗೆದು ಬೇರೆ ಕಡೆ ಇಡಿ. ಮೂಲ ಫೈಲ್ ಮುಟ್ಟಲೇಬೇಡಿ. ಪೇಜ್‌ಮೇಕರ್‌ನಿಂದ ಬರಹವನ್ನು ಮಾತ್ರ ಹೊರಗೆ ತೆಗೆದು, ಹಳೆ ಫಾಂಟಿನದನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ. ಯಾವ ಫಾಂಟು ಅಂತ ಮೊದಲೇ ನೋಡಿಕೊಳ್ಳಿ. ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಾದ 'ನುಡಿ', 'ಬರಹ' ಇವುಗಳ ಹಳೆ ಫಾಂಟುಗಳ ಜೋಡಣೆ ಒಂದೇ, ಶ್ರೀಲಿಪಿಯದು ಬೇರೆ.

ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡಕ್ಕೆ ತಿರುಗಿ ಕಲಸುಮೇಲೋಗರ ಆಗುತ್ತೆ. ಅದಕ್ಕಿಂತ ಜಾಸ್ತಿ ಕಾಟ ಕೊಡುವುದು ಅರ್ಕಾವತ್ತು, ಅಂದರೆ 'ಧರ್ಮ'ದಲ್ಲಿ 'ರ್'ಗೆ ಹಾಕುವ ಗುರುತು. ನನ್ನ ಹೆಸರೇ ಅದರಿಂದ ಬಂದದ್ದು! ಹಳೆ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಕೂರುತ್ತದೆ, ಕಣ್ಣಿಗೆ ಕಾಣುವ ಹಾಗೆ. ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು, ಬಾಯಿಗೆ ಬರುವ ಹಾಗೆ. ಎಲ್ಲ ಕನ್ವರ್ಟರುಗಳೂ ಇದನ್ನು ಸರಿಯಾಗಿ ಮಾಡುವುದಿಲ್ಲ. ಧರ್ಮ, ಸೂರ್ಯ, ಕಾರ್ಯಕ್ರಮ ಇಂಥ ಪದಗಳನ್ನು ಹುಡುಕಿ ನೋಡಿ.

ಬರೆಯುವ ಕೆಲಸಕ್ಕೆ ವರ್ಡ್ ಥರದ ಲಿಬ್ರೆಆಫೀಸ್ ಸಾಕು. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ 1.6 ನೋಡಿ, 2024ರ ಜನವರಿಯಲ್ಲಿ ಬಂತು, ಕನ್ನಡದ ಒತ್ತಕ್ಷರ ಸರಿಯಾಗಿ ಕೂರಿಸುತ್ತೆ. ಎರಡೂ ಪುಕ್ಕಟೆ, ಕದ್ದ ಸಿಡಿಯ ಚಿಂತೆ ಇಲ್ಲ. ಕೀಬೋರ್ಡಿನ ಭಯ ಬಿಡಿ. ನಿಮ್ಮ ಬೆರಳಿಗೆ ಹತ್ತಿರುವುದು ಕೆ.ಪಿ. ರಾವ್ ಅವರು ಮಾಡಿದ ಕನ್ನಡ ಕೀಬೋರ್ಡ್ ವಿನ್ಯಾಸ ಆಗಿದ್ದರೆ, ಅದೇ ವಿನ್ಯಾಸ ಯೂನಿಕೋಡ್‌ಗೂ ಇದೆ, ಲಿನಕ್ಸ್‌ನಲ್ಲೂ ಇದೆ.

ಕೇಳಿ ಓದುವವನು (ಕಡೂರು):

ನಾನೂ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸುವವನು. ಐಜಿ ರಸ್ತೆಯವರ ಮಾತಿಗೆ ಒಂದು ಉತ್ತರ. ಮದುವೆ ಕಾರ್ಡನ್ನೂ ನಾವು ಓದಬೇಕು. ನನ್ನ ಅಕ್ಕನ ಮಗಳ ಮದುವೆ ಕಾರ್ಡು ವಾಟ್ಸಾಪ್‌ನಲ್ಲಿ ಬಂದಾಗ ಮುಹೂರ್ತ ಎಷ್ಟಕ್ಕೆ ಅಂತ ಪಕ್ಕದ ಮನೆಯವರನ್ನು ಕೇಳಬೇಕಾಯಿತು. ಕಾರ್ಡು ಹೇಗಾದರೂ ಇರಲಿ. ಅದರ ಕೆಳಗೆ ಹೆಸರು, ದಿನ, ಹೊತ್ತು, ಛತ್ರ ಇಷ್ಟನ್ನು ಟೈಪ್ ಮಾಡಿ ಕಳಿಸಿ ಅಂತ ನಿಮ್ಮ ಗಿರಾಕಿಗೆ ಹೇಳಿದರೆ ಸಾಕು. ಎರಡು ನಿಮಿಷದ ಕೆಲಸ ಅಲ್ವಾ?

ಸಂತೆಪೇಟೆಯವರಿಗೆ: ಅಂದಕ್ಕೆ ಅಂತ 'ಶು ಭ ವಿ ವಾ ಹ' ಎಂದು ಬಿಡಿಬಿಡಿಯಾಗಿ ಟೈಪ್ ಮಾಡಬೇಡಿ, ನಮಗೆ ಅದು ಒಂದೊಂದೇ ಅಕ್ಷರವಾಗಿ ಕೇಳುತ್ತದೆ. ನೋಟ್ಸನ್ನು ಪಿಡಿಎಫ್ ಮಾಡಿ ಕೊಡಬೇಡಿ. ಯೂನಿಕೋಡ್ ಆಗಿದ್ದರೂ ಪಿಡಿಎಫ್‌ನಲ್ಲಿ ಕನ್ನಡ ಬಹಳ ಸಲ ಒಡೆದುಹೋಗುತ್ತದೆ. ವರ್ಡ್ ಫೈಲೇ ಕೊಡಿ. ತಲೆಬರಹಗಳಿಗೆ ಹೆಡಿಂಗ್ ಸ್ಟೈಲ್ ಹಾಕಿ, ಸುಮ್ನೆ ದಪ್ಪ ಮಾಡಿದರೆ ಸಾಲದು. ಆಗ ಒಂದು ಕೀಲಿ ಒತ್ತಿ ಬೇಕಾದ ಅಧ್ಯಾಯಕ್ಕೆ ಹೋಗಬಹುದು.

ಆಲೂರು ತೋಟದ ಮನೆ:

ನಮ್ಮ ಕಡೆ ಕಾಡಾನೆ ಓಡಾಟ ಜಾಸ್ತಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾವ ತೋಟದಲ್ಲಿ ಎಷ್ಟು ಆನೆ ಇವೆ ಅಂತ ಬೆಳಗ್ಗೆಯೇ ಹಾಕುತ್ತೇವೆ. ಅದನ್ನೂ ಬಣ್ಣದ ಅಕ್ಷರದ ಫೋಟೋ ಮಾಡಿ ಹಾಕುವ ಅಭ್ಯಾಸ ನನಗೇ ಇತ್ತು. ನಮ್ಮ ಸಾಲಿನಲ್ಲಿ ಕಣ್ಣು ಮಂಜಾದ ಅಜ್ಜ ಒಬ್ಬರಿದ್ದಾರೆ, ಬಂದ ಮೆಸೇಜನ್ನು ಫೋನಿಗೇ ಓದಲು ಬಿಟ್ಟು ಕೇಳುತ್ತಾರೆ. ಇದನ್ನೆಲ್ಲ ಓದಿದ ಮೇಲೆ ಇವತ್ತು ಬೆಳಗ್ಗೆ ಫೋಟೋ ಬಿಟ್ಟು ಟೈಪ್ ಮಾಡಿ ಹಾಕಿದೆ.

ಸಂತೆಪೇಟೆ ಡಿಟಿಪಿ (ಹಾಸನ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನದಿಂದ ರಾತ್ರಿ ಶಟರ್ ಎಳೆದ ಮೇಲೆ ಒಂದು ಗಂಟೆ ಇದಕ್ಕೇ ಇಟ್ಟಿದ್ದೇನೆ. ಐಜಿ ರಸ್ತೆಯವರು ಹೇಳಿದ್ದು ನಿಜ, ಇದಕ್ಕೆ ದುಡ್ಡು ಯಾರೂ ಕೊಡುವುದಿಲ್ಲ. ಆದರೆ ಆ ನೋಟ್ಸು ಟೈಪ್ ಮಾಡಿದ ದಿನವೇ ದುಡ್ಡು ತೆಗೆದುಕೊಂಡಿದ್ದೇನೆ. ಅವಳಿಗೆ ಓದಲಾಗಲಿಲ್ಲ ಅಂದರೆ ಆ ಕೆಲಸ ನಾನು ಇನ್ನೂ ಮುಗಿಸಿಲ್ಲ ಅಂತಲೇ ಅನ್ನಿಸುತ್ತದೆ. ಹೊಸ ಕಾರ್ಡುಗಳ ಜೊತೆ ಟೈಪ್ ಮಾಡಿದ ನಾಲ್ಕು ಸಾಲನ್ನೂ ಗಿರಾಕಿಯ ಫೋನಿಗೆ ಕಳಿಸಲು ಶುರು ಮಾಡಿದ್ದೇನೆ. ಇಲ್ಲಿಯವರೆಗೆ ಬೇಡ ಅಂದವರು ಒಬ್ಬರೂ ಇಲ್ಲ.

ಮೊದಲು ಮುಗಿಸಿದ್ದು ಹೊಯ್ಸಳರ ಅಧ್ಯಾಯ. ವರ್ಡ್ ಫೈಲ್ ಮಾಡಿ ಕಳಿಸಿದೆ. ಮಾರನೇ ದಿನ ಅವಳೇ ಫೋನ್ ಮಾಡಿದಳು. 'ಅಣ್ಣಾ, ಎಲ್ಲಾ ಓದ್ತಿದೆ. ಆದ್ರೆ ವಿಷ್ಣುವರ್ಧನನ ಹೆಸರು ಬಂದಾಗೆಲ್ಲ ವಿಷ್ಣುವಧರ್ನ ಅಂತಿದೆ.' ಅರ್ಕಾವತ್ತು! ನಾನು ಎರಡು ಸಲ ಕಣ್ಣಾಡಿಸಿದ್ದೆ, ಕಂಡಿರಲಿಲ್ಲ. ಅವಳ ಕಿವಿಗೆ ಮೊದಲ ಸಲಕ್ಕೇ ಸಿಕ್ಕಿತು. ಬೇಲೂರು ದೇವಸ್ಥಾನದ ಸಾಲಿನಲ್ಲಿ 1117 ಅನ್ನುವ ಇಸವಿಯೇ ಬಿಟ್ಟುಹೋಗಿದೆ ಅಂತಲೂ ಹೇಳಿದಳು. ಮೂಲ ಫೈಲ್ ತೆಗೆದು ನೋಡಿದೆ. ಅಲ್ಲೂ ಇರಲಿಲ್ಲ. ಟೈಪ್ ಮಾಡುವಾಗ ನಾನೇ ಬಿಟ್ಟಿದ್ದೆ. ಅಷ್ಟು ವರ್ಷದಿಂದ ಆ ನೋಟ್ಸನ್ನು ಎಷ್ಟೋ ಮಕ್ಕಳು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ.

ಎರಡನ್ನೂ ಸರಿ ಮಾಡಿ ಮತ್ತೆ ಕಳಿಸಿದ್ದೇನೆ. ಇವತ್ತು ರಾತ್ರಿ ವಿಜಯನಗರದ ಅಧ್ಯಾಯ ಹಿಡಿಯುತ್ತೇನೆ.